ಕೂದಲಿಗಿಂತ ಮೊದಲು ಗೊರಸು ನೋಡಿ

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮದು ಲಕ್ಷ್ಮೇಶ್ವರ. ಅಪ್ಪ ಮೂವತ್ತು ವರ್ಷ ಮದುವೆ ಮೆರವಣಿಗೆಗೆ ಕುದುರೆ ಕಳಿಸಿದವರು. ಈಗ ಉಳಿದಿರುವುದು ಒಂದೇ ಬಿಳಿ ಕುದುರೆ, ಚಂದ್ರಿ. ವಯಸ್ಸು 20 ದಾಟಿದೆ. ಎರಡು ವರ್ಷದಿಂದ ಬೇಸಿಗೆ ಬಂದರೂ ಮೈಮೇಲಿನ ಕೂದಲು ಉದುರುತ್ತಿಲ್ಲ. ಈ ಮೇ ತಿಂಗಳಲ್ಲಂತೂ ಕುರಿಯ ಹಾಗೆ ಉದ್ದ, ಗುಂಗುರು ಕೂದಲು. ಬೆನ್ನಿನ ಮಾಂಸ ಇಳಿದು ಹೊಟ್ಟೆ ಜೋತು ಬಿದ್ದಿದೆ. ನೀರು ಸಿಕ್ಕಾಪಟ್ಟೆ ಕುಡಿಯುತ್ತಾಳೆ. ಎಲ್ಲರೂ ‘ವಯಸ್ಸಾತು, ಬಿಡ್ರಿ’ ಅಂದರು. ಕೊನೆಗೆ ಡಾಕ್ಟರು ರಕ್ತ ತೆಗೆದು ಕಳಿಸಿದರು. ಎಸಿಟಿಎಚ್ ಎಂಬ ಹಾರ್ಮೋನು 96 ಅಂತ ಬಂತು. ಇದು ಕುಶಿಂಗ್ ಕಾಯಿಲೆ, ಜೀವ ಇರುವ ತನಕ ಮಾತ್ರೆ ಬೇಕು ಅಂದಿದ್ದಾರೆ. ದಿನಕ್ಕೆ ಎರಡು ಸೇರು ನೆನೆಸಿದ ಹುರುಳಿ, ಗೋವಿನಜೋಳದ ನುಚ್ಚು, ಬೂಸಾ, ಒಂದು ಉಂಡೆ ಬೆಲ್ಲ ಕೊಡುತ್ತೇವೆ. ಕಣಿಕಿ, ಒಣಹುಲ್ಲು ಇದ್ದೇ ಇರುತ್ತದೆ. ಕೂದಲು ಹೋಗಲು ಏನು ಮಾಡಬೇಕು? ನಾಟಿ ಔಷಧಿ ಇದೆಯಾ? ಪಕ್ಕದಲ್ಲೇ ಎಮ್ಮೆ ಕಟ್ಟುತ್ತೇವೆ, ಅವಕ್ಕೂ ಹರಡುತ್ತದಾ? ಚಂದ್ರಿ ಇನ್ನೆಷ್ಟು ದಿನ ಇರುತ್ತಾಳೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೂದಲು, ಹೊಟ್ಟೆ, ನೀರು, ಎಲ್ಲ ಚೆನ್ನಾಗಿ ಗಮನಿಸಿದ್ದೀರಿ. ಆದರೆ ಗೊರಸಿನ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಭಯ ಇರುವುದು ಅಲ್ಲೇ. ಕುಶಿಂಗ್ ಬಂದ ಕುದುರೆ ಉದ್ದ ಕೂದಲಿನಿಂದ ಸಾಯುವುದಿಲ್ಲ. ಬಹಳಷ್ಟು ಕುದುರೆಗಳನ್ನು ನಾವು ಕಳೆದುಕೊಳ್ಳುವುದು ಕಾಲಿನಿಂದ. ಹಾಗಾಗಿ ನೀವು ಕೇಳಿದ ಪ್ರಶ್ನೆಗಳಿಗೆ ಬರುವ ಮೊದಲು ನೀವು ಕೇಳದ ಒಂದು ವಿಷಯ ಹೇಳುತ್ತೇನೆ.

ನಾಳೆ ಬೆಳಿಗ್ಗೆ, ಚಂದ್ರಿಯನ್ನು ಬಿಚ್ಚುವ ಮೊದಲು, ತಣ್ಣಗಿರುವ ಹೊತ್ತಿನಲ್ಲಿ ಅವಳ ಮುಂಗಾಲಿನ ಹತ್ತಿರ ಕುಳಿತುಕೊಳ್ಳಿ. ಗೊರಸಿನ ಮೇಲೆ ಅಂಗೈ ಇಡಿ, ಬಿಸಿ ಇದೆಯಾ ನೋಡಿ. ಆಮೇಲೆ ಗೊರಸಿನ ಮೇಲಿನ ಗೆಣ್ಣು ಇದೆಯಲ್ಲ, ಅದರ ಹಿಂಭಾಗದಲ್ಲಿ ಪಕ್ಕಕ್ಕೆ ಎರಡು ಬೆರಳು ಹಗುರಾಗಿ ಒತ್ತಿ. ಅಲ್ಲಿ ಒಂದು ದಾರದಂಥ ನಾಳ ಬೆರಳಿಗೆ ಸಿಗುತ್ತದೆ. ಆರೋಗ್ಯವಾಗಿರುವ ಕುದುರೆಯಲ್ಲಿ ಅದರ ಬಡಿತ ಹುಡುಕಿದರೂ ಸರಿಯಾಗಿ ಸಿಗುವುದಿಲ್ಲ. ಗೊರಸಿನೊಳಗೆ ಉರಿ ಶುರುವಾಗಿದ್ದರೆ ‘ಡಬ್ ಡಬ್’ ಎಂದು ಬೆರಳಿಗೆ ಹೊಡೆಯುತ್ತದೆ. ಒಂದು ವಾರ ಎರಡೂ ಮುಂಗಾಲನ್ನು ಹೀಗೆ ಮುಟ್ಟಿ ನೋಡಿದರೆ ಅವಳ ಮಾಮೂಲಿ ಬಡಿತ ಯಾವುದು, ಜಾಸ್ತಿ ಯಾವುದು ಅಂತ ನಿಮ್ಮ ಬೆರಳಿಗೇ ಗೊತ್ತಾಗುತ್ತದೆ. ನಾನು ಗದಗಿಗೋ ಧಾರವಾಡಕ್ಕೋ ಬಾ ಎಂದು ಕರೆದು ಮಾಡುವ ಪರೀಕ್ಷೆಗಿಂತ ಇದು ದೊಡ್ಡದು. ಯಾಕೆಂದರೆ ಇದನ್ನು ದಿನಾ ಮಾಡಬಲ್ಲವರು ನೀವು ಮಾತ್ರ.

ಈಗ ಕಾಯಿಲೆಗೆ ಬರೋಣ. ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಚಿಕ್ಕ ಗ್ರಂಥಿ ಇದೆ. ಅದರ ನಡುವಿನ ಒಂದು ಪದರಕ್ಕೆ ಡೋಪಮಿನ್ ಎಂಬ ರಾಸಾಯನಿಕ ಲಗಾಮು ಹಾಕಿ ಹಿಡಿದಿರುತ್ತದೆ. ವಯಸ್ಸಾಗುತ್ತ ಡೋಪಮಿನ್ ಕಳಿಸುವ ನರಗಳು ಕೆಡುತ್ತವೆ. ಲಗಾಮು ಸಡಿಲಾದ ಮೇಲೆ ಆ ಪದರ ದಪ್ಪವಾಗುತ್ತ ಹೋಗಿ ಎಸಿಟಿಎಚ್ ಮತ್ತು ಅದರ ಜೊತೆಗಿನ ಹಲವು ಹಾರ್ಮೋನುಗಳನ್ನು ಬೇಕಾಬಿಟ್ಟಿ ಸುರಿಸುತ್ತದೆ. ಕೂದಲು ಉದುರದಿರುವುದು, ಮಾಂಸ ಕರಗುವುದು, ನೀರಡಿಕೆ, ಗಾಯ ಬೇಗ ಮಾಯದಿರುವುದು, ಕಣ್ಣಿನ ಮೇಲಿನ ಗುಳಿಯಲ್ಲಿ ಕೊಬ್ಬು ತುಂಬಿ ಉಬ್ಬುವುದು, ಎಲ್ಲದರ ಬೇರು ಇದೇ. ಹಾರ್ವೆ ಕುಶಿಂಗ್ ಎಂಬ ಅಮೆರಿಕದ ಮಿದುಳು ಶಸ್ತ್ರವೈದ್ಯರು ಮನುಷ್ಯರಲ್ಲಿ ಗುರುತಿಸಿದ ಕಾಯಿಲೆಯ ಹೆಸರನ್ನೇ ಕುದುರೆಗೂ ಇಟ್ಟುಬಿಟ್ಟಿದ್ದಾರೆ. ಆದರೆ ಮನುಷ್ಯರಲ್ಲಿ ಕೆಡುವುದು ಆ ಗ್ರಂಥಿಯ ಬೇರೆ ಭಾಗ. ಅದಕ್ಕೇ ಈಗಿನ ಡಾಕ್ಟರುಗಳು ಇದನ್ನು ಪಿಪಿಐಡಿ, ಅಂದರೆ ಪಿಟ್ಯುಟರಿಯ ನಡುವಿನ ಪದರದ ತೊಂದರೆ, ಅಂತ ಬರೆಯುತ್ತಾರೆ. ನಿಮ್ಮ ಚೀಟಿಯಲ್ಲಿ ಹಾಗೆ ಬರೆದಿದ್ದರೆ ಬೇರೆ ಕಾಯಿಲೆ ಅಂತ ಗಾಬರಿ ಆಗಬೇಡಿ.

ಇದು ಅಂಟುರೋಗ ಅಲ್ಲವೇ ಅಲ್ಲ. ಎಮ್ಮೆಗಳಿಗೆ ಏನೂ ಆಗುವುದಿಲ್ಲ. ಚಂದ್ರಿಯನ್ನು ಒಂಟಿಯಾಗಿ ದೂರ ಕಟ್ಟಬೇಡಿ, ಕುದುರೆಗೆ ಜೊತೆ ಬೇಕು.

‘ವಯಸ್ಸಾತು’ ಅಂದವರ ಮೇಲೆ ಸಿಟ್ಟಾಗಬೇಡಿ. 15 ವರ್ಷ ದಾಟಿದ ಕುದುರೆಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಈ ತೊಂದರೆ ಇರುತ್ತದೆ. ಹಾಗಾಗಿ ವಯಸ್ಸಿನ ಲಕ್ಷಣ ಯಾವುದು, ಕಾಯಿಲೆಯ ಲಕ್ಷಣ ಯಾವುದು ಅಂತ ಬೇರೆ ಮಾಡುವುದು ಕಷ್ಟ. ನನಗೇ ಕಷ್ಟವಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಧಾರವಾಡದ ಹತ್ತಿರದ ಒಂದು ಹಳ್ಳಿಯಲ್ಲಿ ಹಳೆಯ ಟಾಂಗಾ ಕುದುರೆಯೊಂದನ್ನು ನೋಡಲು ಕರೆದಿದ್ದರು. ಮೈಯೆಲ್ಲ ತುರಿಕೆ. ಏಪ್ರಿಲ್ ತಿಂಗಳು, ಮೈತುಂಬ ಉದ್ದ ಕೂದಲು. ಮಾಲಿಶ್ ಮಾಡುವುದಿಲ್ಲ, ಬ್ರಷ್ ಹಾಕುವುದಿಲ್ಲ, ಅದಕ್ಕೇ ಹೀಗಾಗಿದೆ ಅಂದುಕೊಂಡೆ. ತುರಿಕೆಗೆ ಎರಡು ದಿನ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸೂಜಿ ಹಾಕಿದೆ. ತುರಿಕೆ ಕಡಿಮೆಯಾಯಿತು. ನಾಲ್ಕನೇ ದಿನ ಮತ್ತೆ ಕರೆ ಬಂತು. ಹೋಗಿ ನೋಡಿದರೆ ಕುದುರೆ ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ, ಗೋಡೆಗೆ ಒರಗಿದ ಮುದುಕನ ಹಾಗೆ ನಿಂತಿತ್ತು. ಯಜಮಾನರು ಹಗ್ಗ ಹಿಡಿದು ಒಂದು ಹೆಜ್ಜೆ ಕರೆದರು. ಅದು ಕಾಲು ಎತ್ತಲಿಲ್ಲ, ಮೈಯೆಲ್ಲ ನಡುಗಿತು. ಗೊರಸಿನೊಳಗೆ ಉರಿ ಎದ್ದಿತ್ತು. ಆ ಕುದುರೆ ಉಳಿಯಲಿಲ್ಲ. ಆ ಉದ್ದ ಕೂದಲು ನನಗೆ ಹೇಳುತ್ತಿದ್ದುದನ್ನು ನಾನು ಓದಿರಲಿಲ್ಲ. ಅವತ್ತಿನಿಂದ ಹಳೆಯ ಕುದುರೆ ಯಾವುದೇ ಇರಲಿ, ಸ್ಟೀರಾಯ್ಡ್ ಹಾಕುವ ಮೊದಲು ಕೂದಲನ್ನೂ ಗೊರಸನ್ನೂ ನೋಡುತ್ತೇನೆ.

ಇದನ್ನು ನಿಮಗೆ ಹೇಳಿದ್ದು ಯಾಕೆ ಅಂದರೆ ನಾಳೆ ಚಂದ್ರಿಗೆ ಜ್ವರ ಬರಬಹುದು, ತುರಿಕೆ ಬರಬಹುದು, ಕುಂಟಬಹುದು. ಯಾರನ್ನೇ ಕರೆಸಿದರೂ ಮೊದಲ ಮಾತು ‘ಇದಕ್ಕೆ ಕುಶಿಂಗ್ ಇದೆ, ಸ್ಟೀರಾಯ್ಡ್ ಬೇಡ’ ಎಂದಾಗಿರಲಿ. ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ತಬೇಲಾದ ಗೋಡೆಗೆ ಅಂಟಿಸಿ. ನೀವು ಊರಲ್ಲಿ ಇಲ್ಲದಾಗ ಮನೆಯವರಿಗೆ ನೆನಪಾಗುತ್ತದೆ.

ಮಾತ್ರೆ ವಿಷಯ. ನಿಮ್ಮ ಡಾಕ್ಟರು ಹೇಳಿರುವುದು ಸರಿ, ಇದು ಜೀವಮಾನದ ಮಾತ್ರೆ. ಔಷಧಿಯ ಹೆಸರು ಪರ್ಗೊಲೈಡ್. ಮೊದಲು ಇದನ್ನು ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಕೊಡುತ್ತಿದ್ದರು. ಹೃದಯದ ಕವಾಟಕ್ಕೆ ತೊಂದರೆಯಾಗುತ್ತದೆ ಎಂದು 2007ರಲ್ಲಿ ಅಮೆರಿಕದಲ್ಲಿ ಮನುಷ್ಯರ ಬಳಕೆಯಿಂದ ತೆಗೆದರು. ಕುದುರೆಗಳಿಗೆ ಮಾತ್ರ ಇದೇ ಮುಖ್ಯ ಔಷಧಿ. ಡೋಪಮಿನ್ ಮಾಡುತ್ತಿದ್ದ ಕೆಲಸವನ್ನು ಇದು ಮಾಡುತ್ತದೆ, ಲಗಾಮನ್ನು ಮತ್ತೆ ಬಿಗಿ ಮಾಡುತ್ತದೆ. ಕುದುರೆಗೆಂದೇ ಮಾಡಿದ 1 ಮಿಲಿಗ್ರಾಂ ಮಾತ್ರೆ ಪ್ರಾಸೆಂಡ್ ಎಂಬ ಹೆಸರಿನಲ್ಲಿದೆ. ಮೂಲೆಯ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ ಅಂತ ಕಾಯಬೇಡಿ. ಡಾಕ್ಟರ ಚೀಟಿ ಹಿಡಿದು ಮುಂಚೆಯೇ ವ್ಯವಸ್ಥೆ ಮಾಡಿಕೊಳ್ಳಿ. ಡಬ್ಬಿಯಲ್ಲಿ ಮೂರು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದು ತರಿಸಿ. ಮಧ್ಯೆ ನಿಂತರೆ ಹಾರ್ಮೋನು ಮತ್ತೆ ಏರುತ್ತದೆ.

ಪ್ರಮಾಣ ತೂಕದ ಮೇಲೆ ಇರುತ್ತದೆ. ಒಂದು ಕಿಲೋ ತೂಕಕ್ಕೆ ದಿನಕ್ಕೊಮ್ಮೆ 2 ಮೈಕ್ರೋಗ್ರಾಂನಿಂದ ಶುರು ಮಾಡುತ್ತಾರೆ. ಚಂದ್ರಿಯನ್ನು ತೂಗಲು ಲಾರಿ ತೂಕದ ಕಾಟಾ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಭುಜದ ಮುಂದಿನ ಮೂಳೆಯಿಂದ ಪೃಷ್ಠದ ತುದಿಯ ತನಕ ಉದ್ದ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 140 ಇದ್ದರೆ ಸುಮಾರು 265 ಕಿಲೋ ಬರುತ್ತದೆ. ಅಂಥ ಕುದುರೆಗೆ ಅರ್ಧ ಮಾತ್ರೆ. ಮಾತ್ರೆಯ ಮೇಲೆ ಗೆರೆ ಇದೆ, ಅಲ್ಲೇ ಮುರಿಯಿರಿ. ಪುಡಿ ಮಾಡಬೇಡಿ, ಅದರ ಧೂಳು ಮನುಷ್ಯರಿಗೆ ಒಳ್ಳೆಯದಲ್ಲ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಮನೆಯಲ್ಲಿ ಬಸುರಿ, ಬಾಣಂತಿ ಇದ್ದರೆ ಅವರು ಮುಟ್ಟುವುದೇ ಬೇಡ. ಒಂದು ಗಜ್ಜರಿ ತುಂಡಿಗೆ ಸೀಳು ಹಾಕಿ ಒಳಗೆ ಸಿಕ್ಕಿಸಿ ಕೊಟ್ಟರೆ ಗೊತ್ತಾಗದೆ ತಿನ್ನುತ್ತಾಳೆ. ತಿಂದಳೋ ಉಗುಳಿದಳೋ ಅಂತ ನಿಂತು ನೋಡಿ. ಉಗುಳಿದ ಮಾತ್ರೆ ನಾಯಿಯ ಬಾಯಿಗೆ ಹೋಗಬಾರದು.

ಮೊದಲ ವಾರಗಳಲ್ಲಿ ಕೆಲವು ಕುದುರೆಗಳು ಮೇವು ಬಿಡುತ್ತವೆ, ಮಂಕಾಗುತ್ತವೆ. ಹಾಗಾದರೆ ಡಾಕ್ಟರಿಗೆ ಫೋನ್ ಮಾಡಿ. ಎರಡು ಮೂರು ದಿನ ನಿಲ್ಲಿಸಿ, ಅರ್ಧ ಪ್ರಮಾಣದಿಂದ ಮತ್ತೆ ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ಆಗಿಬರಲಿಲ್ಲ ಎಂದು ಡಬ್ಬಿಯನ್ನೇ ಎಸೆಯಬೇಡಿ. ಒಂದು ತಿಂಗಳಲ್ಲಿ ಚುರುಕು ಬರುತ್ತದೆ, ನೀರು ಕುಡಿಯುವುದು ಇಳಿಯುತ್ತದೆ. ಕೂದಲು, ಬೆನ್ನಿನ ಮಾಂಸ ಸುಧಾರಿಸಲು ತಿಂಗಳುಗಟ್ಟಲೆ ಬೇಕು. ನೀವು ಮೊದಲು ಕೇಳಿದ್ದೇ ಕೂದಲನ್ನು, ಆದರೆ ಅದೇ ಕೊನೆಗೆ ಸರಿಯಾಗುವುದು.

ಒಂದರಿಂದ ಮೂರು ತಿಂಗಳೊಳಗೆ ರಕ್ತವನ್ನು ಮತ್ತೆ ನೋಡಬೇಕು. ಇಲ್ಲಿ ನಮ್ಮ ಕಡೆ ಒಂದು ಎಡವಟ್ಟು ಆಗುತ್ತದೆ. ಎಸಿಟಿಎಚ್ ಬಹಳ ನಾಜೂಕಿನದು, ಬಿಸಿಲಿಗೆ ಕರಗಿಹೋಗುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಮೇ ತಿಂಗಳ ಬಸ್ಸಿನಲ್ಲಿ ಜೇಬಿನಲ್ಲಿಟ್ಟು ಒಯ್ದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಎಲ್ಲರಿಗೂ ಖುಷಿ, ಕುದುರೆಗೆ ಮಾತ್ರ ನಷ್ಟ. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಹಾಕಿ, ಟ್ಯೂಬನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಐಸ್ ನೇರವಾಗಿ ತಾಗಿದರೆ ರಕ್ತ ಒಡೆಯುತ್ತದೆ. ಆದಷ್ಟು ಬೇಗ, ಕೆಲವೇ ತಾಸಿನೊಳಗೆ ಪ್ಲಾಸ್ಮಾ, ಅಂದರೆ ರಕ್ತದ ತಿಳಿ ಭಾಗ, ಬೇರೆ ಮಾಡಿಸಿ, ಆಮೇಲೆ ದೂರದ ಲ್ಯಾಬಿಗೆ ಕಳಿಸಲಿ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆಯಲ್ಲ, ನಿಮಗೆ ಹತ್ತಿರ. ಎಲ್ಲಿ, ಹೇಗೆ ಕಳಿಸುವುದು ಅಂತ ನಿಮ್ಮ ಡಾಕ್ಟರ ಮೂಲಕ ಅಲ್ಲಿ ವಿಚಾರಿಸಿ.

ಇನ್ನೊಂದು ಮಾತು. ಹಗಲು ಕಡಿಮೆಯಾಗುತ್ತ ಬರುವ ದಿನಗಳಲ್ಲಿ, ಅಂದರೆ ಸುಮಾರು ಶ್ರಾವಣದಿಂದ ದೀಪಾವಳಿಯ ಆಚೀಚೆ, ಆರೋಗ್ಯವಾಗಿರುವ ಕುದುರೆಯಲ್ಲೂ ಈ ಹಾರ್ಮೋನು ಏರುತ್ತದೆ. ಕುಶಿಂಗ್ ಇರುವ ಕುದುರೆಯಲ್ಲಿ ಇನ್ನೂ ಜಾಸ್ತಿ. ನಿಮ್ಮ 96 ಬಂದಿರುವುದು ಮೇ ತಿಂಗಳಲ್ಲಿ, ಏರಿಕೆಯ ಕಾಲವೇ ಅಲ್ಲದಾಗ. ಮೇಲಾಗಿ ಲಕ್ಷಣಗಳೂ ಕಣ್ಣಿಗೆ ಕಾಣುತ್ತಿವೆ. ಹಾಗಾಗಿ ರೋಗ ಹೌದೋ ಅಲ್ಲವೋ ಎಂಬ ಅನುಮಾನ ನನಗಿಲ್ಲ. ಶ್ರಾವಣಕ್ಕೆ ಮೊದಲೇ ಮಾತ್ರೆ ಹಿಡಿತಕ್ಕೆ ಬಂದಿರಬೇಕು ಎಂಬುದಷ್ಟೇ ನನ್ನ ಅವಸರ.

ಮುಂದಿನ ಸಲ ರಕ್ತ ತೆಗೆಯುವಾಗ ಇನ್ಸುಲಿನ್ ಕೂಡ ನೋಡಲು ಹೇಳಿ. ಕುಶಿಂಗ್ ಇರುವ ಎಲ್ಲ ಕುದುರೆಗೂ ಗೊರಸಿನ ಉರಿ ಬರುವುದಿಲ್ಲ. ಬರುವುದು ಹೆಚ್ಚಾಗಿ ಇನ್ಸುಲಿನ್ ಏರಿದ ಕುದುರೆಗೆ. ಈ ಪರೀಕ್ಷೆಗೆ ಉಪವಾಸ ಕೆಡವಬೇಡಿ. ಬೆಳಿಗ್ಗೆ ಕಾಳುಕಡಿ ಕೊಡದೆ, ಬರೀ ಒಣಹುಲ್ಲು ತಿನ್ನಿಸಿ ರಕ್ತ ಕೊಡಿ. ಕುದುರೆಯ ಇನ್ಸುಲಿನ್ ಅಳೆಯಲು ಹೊಂದುವ ವಿಧಾನ ಲ್ಯಾಬಿನಲ್ಲಿ ಇದೆಯಾ ಅಂತ ಕೇಳುವುದು ಒಳ್ಳೆಯದು, ಮನುಷ್ಯರ ಕಿಟ್ಟುಗಳೆಲ್ಲ ಕುದುರೆಗೆ ಸರಿಹೋಗುವುದಿಲ್ಲ.

ಇನ್ಸುಲಿನ್ ಅಂದ ಮೇಲೆ ಮೇವಿನ ಮಾತು ಬಂತು. ಇಲ್ಲಿ ನಿಮಗೆ ಸ್ವಲ್ಪ ಬೇಜಾರಾಗುತ್ತದೆ. ಬೆಲ್ಲ ಇವತ್ತಿನಿಂದಲೇ ನಿಲ್ಲಿಸಿ. ಅಪ್ಪ ಪ್ರೀತಿಯಿಂದ ಅಂಗೈಯಲ್ಲಿ ಬೆಲ್ಲ ಹಿಡಿದಾಗ ಅವಳು ತುಟಿ ಚಾಚಿ ತೆಗೆದುಕೊಳ್ಳುವುದು ನನಗೆ ಕಣ್ಣಿಗೆ ಕಟ್ಟುತ್ತದೆ. ಆದರೆ ಆ ಉಂಡೆ ನೇರ ಗೊರಸಿಗೆ ಹೋಗುತ್ತದೆ. ಅದೇ ಅಂಗೈಯಲ್ಲಿ ಒಂದು ತುಂಡು ಸೌತೆಕಾಯಿ ಇಡಲಿ, ಅವಳಿಗೆ ಬೇಕಿರುವುದು ಆ ಕೈ. ಗೋವಿನಜೋಳದ ನುಚ್ಚನ್ನೂ ಬಿಡಿ, ಅದರಲ್ಲಿ ಪಿಷ್ಟವೇ ಜಾಸ್ತಿ. ಎರಡು ಸೇರು ಹುರುಳಿ ಬಹಳ ಆಯಿತು. ಹುರುಳಿ ಕುದುರೆಯ ಆಹಾರ ಅಂತ ಹಿಂದಿನಿಂದ ಬಂದ ನಂಬಿಕೆ, ದುಡಿಯುವ ಕುದುರೆಗೆ ಅದು ಸರಿಯೇ. ಕಟ್ಟಿದಲ್ಲೇ ನಿಂತಿರುವ ಕುಶಿಂಗ್ ಕುದುರೆಗೆ ಅಷ್ಟು ಪಿಷ್ಟ ಬೇಡ. ಎರಡು ವಾರದಲ್ಲಿ ಮೆಲ್ಲಗೆ ಇಳಿಸಿ ಒಂದು ಹಿಡಿಗೆ ತನ್ನಿ. ಒಮ್ಮೆಲೇ ಮೇವು ಬದಲಿಸಿದರೆ ಹೊಟ್ಟೆಶೂಲೆ ಬರುತ್ತದೆ.

ಹಾಗಂತ ಉಪವಾಸ ಹಾಕಬೇಡಿ. ಚಿಕ್ಕ ತಳಿಯ ಕುದುರೆಗಳನ್ನು ಹಸಿವಿಗೆ ಕೆಡವಿದರೆ ಮೈಯ ಕೊಬ್ಬು ಒಮ್ಮೆಲೇ ಕರಗಿ ರಕ್ತಕ್ಕೆ ಬಂದು ಪ್ರಾಣಕ್ಕೇ ಕುತ್ತು. ಚಂದ್ರಿಗೆ ಹೊಟ್ಟೆ ದಪ್ಪ ಕಾಣುತ್ತಿರುವುದು ಕೊಬ್ಬಿನಿಂದ ಅಲ್ಲ, ಹೊಟ್ಟೆಯ ಸ್ನಾಯು ಸಡಿಲಾಗಿ. ಬೆನ್ನಿನ ಮೇಲೆ ಕೈ ಆಡಿಸಿ. ಬೆನ್ನುಮೂಳೆ ಗರಗಸದ ಹಾಗೆ ಸಿಗುತ್ತದೆ ಎಂದರೆ ಅವಳಿಗೆ ಪೋಷಣೆ ಬೇಕು. 265 ಕಿಲೋ ಕುದುರೆಗೆ ದಿನಕ್ಕೆ ಸುಮಾರು 5 ಕಿಲೋ ಒಣಮೇವು ಲೆಕ್ಕ. ಒಮ್ಮೆಗೇ ಹಾಕದೆ ನಾಲ್ಕು ಹೊತ್ತಾಗಿ ಹಂಚಿ. ಒಣಹುಲ್ಲನ್ನು ತಣ್ಣೀರಿನಲ್ಲಿ ಅರ್ಧ ತಾಸಿನಿಂದ ಒಂದು ತಾಸು ನೆನೆಸಿ, ಆ ನೀರು ಚೆಲ್ಲಿ, ಹುಲ್ಲನ್ನು ಮಾತ್ರ ಹಾಕಿ. ಸಕ್ಕರೆಯ ಅಂಶ ಒಂದಷ್ಟು ನೀರಿಗೆ ಬಿಡುತ್ತದೆ. ಗದಗ ಸೀಮೆಯ ಬಿಸಿಲಿಗೆ ಅದಕ್ಕಿಂತ ಜಾಸ್ತಿ ಹೊತ್ತು ನೆನೆಸಿದರೆ ಹುಳಿಯುತ್ತದೆ. ಕಣಿಕಿಯ ದಂಟು ಸಿಹಿ, ಅದೂ ಅಲ್ಲದೆ ಹಳೆಯ ಹಲ್ಲಿಗೆ ಗಟ್ಟಿ. ಸರಿಯಾಗಿ ಅಗಿಯದೆ ನುಂಗಿದರೆ ಕರುಳು ಕಟ್ಟುತ್ತದೆ. ಕೊಡಲೇಬೇಕಾದರೆ ಸಣ್ಣಗೆ ಕತ್ತರಿಸಿ, ನೆನೆಸಿ, ಸ್ವಲ್ಪವೇ ಕೊಡಿ. ಹಸಿ ಜೋಳದ ಪೈರಿನ ಹತ್ತಿರ ಮಾತ್ರ ಬಿಡಲೇಬೇಡಿ, ಎಳೆಯದರಲ್ಲಿ ವಿಷ ಇರುತ್ತದೆ.

ಮಾಂಸ ತುಂಬಲು ಕುದುರೆ ಮೆಂತೆ ಒಳ್ಳೆಯದು. ಪ್ರೋಟೀನ್ ಇದೆ, ಸುಣ್ಣದಂಶ ಇದೆ, ಸಕ್ಕರೆ ಜಾಸ್ತಿ ಇಲ್ಲ. ಬಾಡಿಸಿ ಒಂದೆರಡು ಹಿಡಿ ಕೊಡಿ. ಜೊತೆಗೆ ಕಾಲು ಕಿಲೋ ಸೋಯಾ ಹಿಂಡಿ. ಶೇಂಗಾ ಹಿಂಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಬೂಷ್ಟು ಬಂದಿದ್ದರೆ ಲಿವರಿಗೆ ಕೇಡು. ಮೂಸಿ ನೋಡಿ, ಅನುಮಾನ ಬಂದರೆ ಬಿಡಿ. ಬೂಸಾ ಒಂದು ಬೊಗಸೆಗಿಂತ ಜಾಸ್ತಿ ಬೇಡ. ಅದರಲ್ಲಿ ರಂಜಕ ಬಹಳ, ಸುಣ್ಣ ಕಡಿಮೆ. ವರ್ಷಗಟ್ಟಲೆ ಬೂಸಾ ತಿಂದ ಕುದುರೆಯ ಮುಖದ ಮೂಳೆ ಉಬ್ಬಿರುವುದನ್ನು ನಾನು ನೋಡಿದ್ದೇನೆ. ಮಿನರಲ್ ಮಿಕ್ಸ್‌ಚರ್ ಮತ್ತು ಎರಡು ದೊಡ್ಡ ಚಮಚ ಉಪ್ಪು ದಿನಾ ಇರಲಿ. ಮಳೆ ಬಿದ್ದು ಬದುವಿನಲ್ಲಿ ಕರಕಿ ಚಿಗುರಿದಾಗ ಅರ್ಧ ತಾಸಿನಿಂದ ಶುರು ಮಾಡಿ, ಬೆಳಗಿನ ಹೊತ್ತು ಮಾತ್ರ ಮೇಯಿಸಿ. ಇನ್ಸುಲಿನ್ ಎಷ್ಟಿದೆ ಎಂದು ಗೊತ್ತಾಗುವ ತನಕ ಇಡೀ ದಿನ ಬಿಡಬೇಡಿ. ಪಂಚಮಿ ಉಂಡಿ, ಹೋಳಿಗೆ, ಕಬ್ಬಿನ ಸೋಗೆ, ಪ್ರೀತಿಯಿಂದ ಬಂದವರು ತರುವ ಬಾಳೆಹಣ್ಣು, ಎಲ್ಲಕ್ಕೂ ಕೈಮುಗಿದು ಬೇಡ ಅನ್ನಿ.

ನೀರನ್ನು ಯಾವತ್ತೂ ಕಡಿಮೆ ಮಾಡಬೇಡಿ. ನಮ್ಮ ಊರುಗಳಲ್ಲಿ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಕಷ್ಟ ನನಗೆ ಗೊತ್ತು. ‘ಇಷ್ಟು ಕುಡಿದು ಸುಮ್ನೆ ಉಚ್ಚೆ ಹೊಯ್ಯುತ್ತಾಳೆ’ ಎಂದು ಬಕೆಟ್ ತೆಗೆದವರನ್ನೂ ನೋಡಿದ್ದೇನೆ. ಅವಳು ಕುಡಿಯುವುದು ಚಟಕ್ಕಲ್ಲ, ಮೈ ಹಿಡಿದಿಟ್ಟುಕೊಳ್ಳುತ್ತಿಲ್ಲ. ಆದರೆ ಅಳೆಯಿರಿ. 100 ಕಿಲೋ ತೂಕಕ್ಕೆ ಸುಮಾರು 5 ಲೀಟರ್ ಮಾಮೂಲಿ, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. 10 ಲೀಟರ್ ದಾಟಿದರೆ ಅದು ಕಾಯಿಲೆಯ ಲೆಕ್ಕ. ಇವತ್ತು ದಿನಕ್ಕೆ ಎಷ್ಟು ಬಕೆಟ್ ಅಂತ ಬರೆದಿಟ್ಟುಕೊಳ್ಳಿ, ಮಾತ್ರೆ ಶುರುವಾಗಿ ತಿಂಗಳಾದ ಮೇಲೆ ಹೋಲಿಸಿ. ಮಾತ್ರೆ ಹಿಡಿಯುತ್ತಿದೆಯಾ ಎಂಬುದಕ್ಕೆ ಲ್ಯಾಬಿಗಿಂತ ಮೊದಲು ಬಕೆಟ್ ಉತ್ತರ ಕೊಡುತ್ತದೆ.

ಈಗ ಕೂದಲು. ಕತ್ತರಿಸಿಬಿಡಿ. ಇದಕ್ಕೆ ಬೇರೆ ಉಪಾಯ ಬೇಕಿಲ್ಲ. ಶೀತದೇಶದ ಪುಸ್ತಕಗಳು ಈ ಕುದುರೆಗಳಿಗೆ ಚಳಿಗಾಲದಲ್ಲಿ ಕಂಬಳಿ ಹೊದಿಸುವುದನ್ನು ಹೇಳುತ್ತವೆ. ನಮ್ಮ ಕಷ್ಟ ಉಲ್ಟಾ. 38–40 ಡಿಗ್ರಿ ಬಿಸಿಲಿನಲ್ಲಿ ಕಂಬಳಿ ಹೊದ್ದು ನಿಂತ ಹಾಗೆ ಅವಳ ಸ್ಥಿತಿ. ಬೆವರು ಕೂದಲಿನೊಳಗೇ ನಿಂತು ಚರ್ಮ ಕೊಳೆಯುತ್ತದೆ, ಉಣ್ಣಿ, ಹೇನು ಸೇರುತ್ತವೆ. ಬ್ಯಾಟರಿಯ ಕ್ಲಿಪ್ಪರ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಕುರಿ ಉಣ್ಣೆ ಕತ್ತರಿಸುವವರ ಕೈ ಪಳಗಿರುತ್ತದೆ, ಅವರನ್ನು ಕರೆಸಿ. ಬೆಳಗಿನ ತಂಪಿನಲ್ಲಿ ಕತ್ತರಿಸಿ. ಬಿಳಿ ಕುದುರೆಯ ಚರ್ಮ ಬಿಸಿಲಿಗೆ ಸುಡಬಹುದು, ಹಾಗಾಗಿ ಪೂರಾ ಬೋಳಿಸದೆ ಬೆರಳಿನ ದಪ್ಪ ಬಿಟ್ಟು ನೆರಳಿನಲ್ಲಿ ಕಟ್ಟಿ. ಮಳೆಗಾಲದಲ್ಲಿ ನೆನೆಯದ ಹಾಗೆ ಜಾಗ ಇರಲಿ. ಕತ್ತರಿಸುವಾಗ ಬಾಲದ ಕೆಳಗೆ ಕರಿ ಗಂಟುಗಳು ಕಂಡರೆ ಅದು ಕುಶಿಂಗಿನಿಂದ ಬಂದದ್ದಲ್ಲ. ಬಿಳಿ ಕುದುರೆಗಳಿಗೆ ವಯಸ್ಸಾದಾಗ ಅಂಥ ಗಡ್ಡೆ ಬಹಳ ಸಾಮಾನ್ಯ. ಡಾಕ್ಟರಿಗೆ ತೋರಿಸಿ ಇಡಿ.

ಮತ್ತೆ ಗೊರಸಿಗೆ ಬರುತ್ತೇನೆ. ಆರು ವಾರಕ್ಕೊಮ್ಮೆ ಗೊರಸು ಕೆತ್ತಿಸಲೇಬೇಕು, ಲಾಳ ಇರಲಿ ಬಿಡಲಿ. ಮುಂಭಾಗ ಉದ್ದ ಬೆಳೆದರೆ ಒಳಗಿನ ಮೂಳೆ ಹಿಡಿದಿರುವ ಪದರದ ಮೇಲೆ ಎಳೆತ ಬೀಳುತ್ತದೆ. ಯಾವತ್ತಾದರೂ ಚಂದ್ರಿ ಹೆಜ್ಜೆ ಇಡಲು ಹಿಂದೆಮುಂದೆ ನೋಡಿದರೆ, ಕಲ್ಲಿನ ಮೇಲೆ ಮುಗ್ಗರಿಸಿದರೆ, ತಿರುಗುವಾಗ ನೋವು ಪಟ್ಟರೆ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ 1962ಕ್ಕೆ ಮಾಡಿ, ಪಶುಗಳ ಸಂಚಾರಿ ಆಸ್ಪತ್ರೆಯ ಸಹಾಯವಾಣಿ ಅದು. ಅವರು ಬರುವ ತನಕ ನಡೆಸಬೇಡಿ. ‘ನಡೆಸಿದರೆ ಕಾಲು ಬಿಡುತ್ತದೆ’ ಎನ್ನುವುದು ತಪ್ಪು. ಒಂದೊಂದು ಹೆಜ್ಜೆಗೂ ಒಳಗೆ ಹರಿಯುತ್ತದೆ. ಬರೆ ಹಾಕಬೇಡಿ, ಬಿಸಿ ಶಾಖ ಕೊಡಬೇಡಿ. ಬೇಕಾಗಿರುವುದು ತಂಪು. ನಿಂತಲ್ಲೇ ಎರಡು ದೊಡ್ಡ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೀರು ಮತ್ತು ಐಸ್ ತುಂಬಿ, ಮುಂಗಾಲುಗಳನ್ನು ಗೊರಸಿನಿಂದ ಮೊಣಕಾಲಿನ ಕೆಳಗಿನ ತನಕ ಮುಳುಗಿಸಿ. ಐಸ್ ಕರಗಿದ ಹಾಗೆ ಹಾಕುತ್ತಲೇ ಇರಬೇಕು. ಒಂದು ತಾಸು ಮಾಡಿ ಬಿಡುವುದಲ್ಲ, ಮೊದಲ ಎರಡು ದಿನ ಹಗಲು ರಾತ್ರಿ. ಮನೆಮಂದಿ ಪಾಳಿ ಹಾಕಿಕೊಳ್ಳಿ. ಮಲಗುವ ಜಾಗಕ್ಕೆ ಒಂದು ಮೊಳ ದಪ್ಪ ಮರಳು ಅಥವಾ ಕಟ್ಟಿಗೆ ಹೊಟ್ಟು ಹಾಸಿ. ನೋವಿನ ಔಷಧಿ ಡಾಕ್ಟರು ಕೊಟ್ಟದ್ದನ್ನೇ ಕೊಡಿ. ಮನೆಯಲ್ಲಿರುವ ಡೈಕ್ಲೋಫೆನಾಕ್ ಹಾಕಬೇಡಿ. ರಣಹದ್ದುಗಳು ಅದರಿಂದ ಸತ್ತವೆಂದು ಪಶುಗಳಿಗೆ ಅದನ್ನು 2006ರಲ್ಲೇ ನಿಷೇಧಿಸಿದ್ದಾರೆ.

ಈ ಕಾಯಿಲೆಯಲ್ಲಿ ಮೈಯ ಕಾವಲು ಸಡಿಲಾಗಿರುತ್ತದೆ. ಆದ್ದರಿಂದ ಚಿಕ್ಕ ಗಾಯಕ್ಕೂ ಔಷಧಿ ಹಚ್ಚಿ, ಧನುರ್ವಾಯು ಚುಚ್ಚುಮದ್ದು ವರ್ಷಕ್ಕೊಮ್ಮೆ ತಪ್ಪದಿರಲಿ. ಲದ್ದಿ ಪರೀಕ್ಷೆ ಮಾಡಿಸಿ ಜಂತಿನ ಔಷಧಿ ಕೊಡಿ. ಹಲ್ಲನ್ನು ಆರು ತಿಂಗಳಿಗೊಮ್ಮೆ ತೋರಿಸಿ.

ನಾಟಿ ಔಷಧಿ ಕೇಳಿದ್ದೀರಿ. ಹೊರದೇಶದಲ್ಲಿ ವೈಟೆಕ್ಸ್ ಎಂಬ ಗಿಡದ ಬೀಜ ಇದಕ್ಕೆ ಒಳ್ಳೆಯದು ಅಂತ ಮಾರುತ್ತಾರೆ. ನಮ್ಮ ಬೇಲಿಯ ಲಕ್ಕಿ ಗಿಡ ಅದೇ ಕುಲದ್ದು. ಅದನ್ನು ಓದಿ ಲಕ್ಕಿ ಸೊಪ್ಪು ಅರೆದು ಕುಡಿಸಿದವರು ನನ್ನ ಹತ್ತಿರ ಬಂದಿದ್ದರು. ಹೊರದೇಶದ ಆ ಗಿಡವನ್ನೇ ಕುದುರೆಗಳಿಗೆ ಕೊಟ್ಟು ನೋಡಿದಾಗಲೂ ಎಸಿಟಿಎಚ್ ಇಳಿಯಲಿಲ್ಲ. ಮೈಕೈ ನೋವಿಗೆ ಲಕ್ಕಿ ಸೊಪ್ಪಿನ ಸ್ನಾನ ನಾನೂ ಮಾಡುತ್ತೇನೆ. ಆದರೆ ಕುಶಿಂಗಿಗೆ ಅದನ್ನು ನಂಬಿ ಮಾತ್ರೆ ತಡ ಮಾಡಬೇಡಿ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಚಂದ್ರಿಯನ್ನು ಈಗಲೂ ಮೆರವಣಿಗೆಗೆ ಕಳಿಸುತ್ತೀರಾ? ಕಳಿಸುತ್ತಿದ್ದರೆ ನಿಲ್ಲಿಸಿ. ಡಾಂಬರು ರಸ್ತೆ, ಪಟಾಕಿ, ಬೆನ್ನ ಮೇಲೆ ಮದುಮಗ, ರಾತ್ರಿಯಿಡೀ ನಿಲ್ಲುವುದು, ಈ ಬೆನ್ನಿಗೆ, ಈ ಗೊರಸಿಗೆ ಇನ್ನು ಆಗದ ಮಾತು. ಗೊರಸಿನಲ್ಲಿ ಬಿಸಿ, ಬಡಿತ ಇಲ್ಲದ ದಿನ ಮಣ್ಣಿನ ದಾರಿಯಲ್ಲಿ ಅರ್ಧ ತಾಸು ಕೈಯಲ್ಲಿ ಹಿಡಿದು ನಡೆಸಿ. ಅಷ್ಟು ನಡಿಗೆ ಇನ್ಸುಲಿನ್‌ಗೆ ಒಳ್ಳೆಯದು, ಅವಳ ಮನಸ್ಸಿಗೂ ಒಳ್ಳೆಯದು.

ಎಷ್ಟು ದಿನ ಇರುತ್ತಾಳೆ ಎಂದು ಕೇಳಿದ್ದೀರಿ. ಕಾಯಿಲೆ ಗುಣವಾಗುವುದಿಲ್ಲ. ಆದರೆ ಮಾತ್ರೆ, ಮೇವು, ಗೊರಸು ಮೂರೂ ಕೈತಪ್ಪದಿದ್ದರೆ ಇನ್ನೂ ಹಲವು ವರ್ಷ ನೆಮ್ಮದಿಯಿಂದ ಇರುವ ಕುದುರೆಗಳಿವೆ. ಕೊನೆಗೆ ಸಾಯುವುದು ಬೇರೆ ಯಾವುದೋ ವಯಸ್ಸಿನ ಕಾರಣಕ್ಕೆ. ಗೊರಸಿನ ನೋವು ಮತ್ತೆ ಮತ್ತೆ ಬಂದು, ಔಷಧಿಗೂ ಬಗ್ಗದೆ, ಅವಳು ಏಳಲಾರದೆ ಮಲಗುವ ದಿನ ಬಂದರೆ ಆಗ ನಿರ್ಧಾರ ಮಾಡಬೇಕಾಗುತ್ತದೆ. ಆ ಮಾತನ್ನು ಡಾಕ್ಟರ ಜೊತೆ ಮುಂಚೆಯೇ ಆಡಿಟ್ಟುಕೊಳ್ಳಿ. ನರಳುವ ರಾತ್ರಿಯಲ್ಲಿ ಅಪ್ಪನ ಎದುರು ಆ ಮಾತು ಶುರು ಮಾಡುವುದು ಬಹಳ ಕಷ್ಟ. ಆದರೆ ನೀವು ಬರೆದದ್ದನ್ನು ನೋಡಿದರೆ ಚಂದ್ರಿ ಆ ಹಂತದಲ್ಲಿ ಇಲ್ಲ.

ಒಂದು ನೋಟ್‌ಬುಕ್ ಇಟ್ಟು ದಿನಾ ನಾಲ್ಕೇ ವಿಷಯ ಬರೆಯಿರಿ: ಮಾತ್ರೆ ತಿಂದಳಾ, ಎಷ್ಟು ಬಕೆಟ್ ನೀರು, ಗೊರಸಿನ ಬಡಿತ ಹೇಗಿದೆ, ಮೇವು ಉಳಿಸಿದಳಾ. ಎರಡು ವಾರಕ್ಕೊಮ್ಮೆ ಟೇಪಿನ ಅಳತೆ. ತಿಂಗಳಿಗೊಂದು ಫೋಟೋ, ಒಂದೇ ಜಾಗದಲ್ಲಿ ಪಕ್ಕದಿಂದ ನಿಲ್ಲಿಸಿ. ಶ್ರಾವಣಕ್ಕೆ ಮೊದಲು ಎರಡನೇ ರಕ್ತಪರೀಕ್ಷೆ ಆಗಲಿ. ಇನ್ಸುಲಿನ್ ಫಲಿತಾಂಶ ಕೈಗೆ ಬಂದ ದಿನ ಆ ನೋಟ್‌ಬುಕ್ಕಿನ ಪುಟಗಳ ಸಮೇತ ಮತ್ತೆ ಬರೆಯಿರಿ. ಹುರುಳಿ ಒಂದು ಹಿಡಿ ಉಳಿಸಿಕೊಳ್ಳುವುದೋ ಪೂರಾ ಬಿಡುವುದೋ ಅಂತ ಆಗ ಹೇಳುತ್ತೇನೆ.